ಹೊಟ್ಟೆಯೊಳಗಿನ ಸುಣ್ಣದ ಸಾಕ್ಷಿ

ಆಗತಾನೇ ಹುಟ್ಟಿದ ಕೂಸಿನ ಹೊಟ್ಟೆಯ ಎಕ್ಸ್‌ರೇಯಲ್ಲಿ ಸುಣ್ಣದ ಬಿಳಿ ಚುಕ್ಕೆಗಳು ಕಾಣುವುದು ಬಲು ಅಪರೂಪ. ಕಂಡರೆ, ಹೆಚ್ಚಾಗಿ ಗರ್ಭದಲ್ಲೇ ಕರುಳು ಒಡೆದಿತ್ತು ಎಂದರ್ಥ. ಕೂಸಿನ ಮೊದಲ ಮಲ ಹೊಟ್ಟೆಯೊಳಗೆ ಸೋರಿ, ಅಲ್ಲಿ ಉರಿಯೂತವೆದ್ದು, ಕ್ಯಾಲ್ಸಿಯಂ ಕಟ್ಟಿಕೊಂಡಿರುತ್ತದೆ. ಈ ಸೋರಿಕೆಯನ್ನು ಇಟಲಿಯ ಮೊರ್ಗಾನಿ 1761ರಲ್ಲೇ ವರ್ಣಿಸಿದ್ದರು. ಎಕ್ಸ್‌ರೇಯಲ್ಲಿ ಅದನ್ನು ಗುರುತಿಸುವ ಬಗೆಯನ್ನು ಬೋಸ್ಟನ್ನಿನ ಎಡ್ವರ್ಡ್ ನ್ಯೂಹೌಸರ್ 1944ರಲ್ಲಿ ಬರೆದರು.

ಇಂಥ ಅನೇಕ ಕೂಸುಗಳಲ್ಲಿ ಸಣ್ಣ ಕರುಳು ನಡುವೆಯೇ ಮುಚ್ಚಿಹೋಗಿರುತ್ತದೆ. ಏಕೆ?

ಭ್ರೂಣದ ಕರುಳಿನ ಮೊದಲ ಭಾಗ ಒಂದು ಹಂತದಲ್ಲಿ ಜೀವಕೋಶಗಳಿಂದ ತುಂಬಿ ಗಟ್ಟಿಯಾಗಿರುತ್ತದೆ, ಆಮೇಲೆ ಟೊಳ್ಳಾಗುತ್ತದೆ ಎಂದು ವಿಯೆನ್ನಾದ ಟ್ಯಾಂಡ್ಲರ್ 1900ರಲ್ಲಿ ಹೇಳಿದ್ದರು. ಟೊಳ್ಳಾಗದೆ ಉಳಿದದ್ದೇ ಮುಚ್ಚಿದ ಕರುಳು ಎಂಬುದು ವೈದ್ಯರ ನಂಬಿಕೆಯಾಯಿತು. ಜಠರಕ್ಕೆ ಅಂಟಿದ ಭಾಗಕ್ಕೆ ಇದು ಇಂದಿಗೂ ಒಪ್ಪುವ ಮಾತು. ಕೆಳಗಿನ ಕರುಳಿಗೆ ಮಾತ್ರ ಹೊಂದಲಿಲ್ಲ. ಏಕೆಂದರೆ ಅಡ್ಡಿಯ ಆಚೆಗೂ ಪಿತ್ತ ಸಿಗುತ್ತಿತ್ತು, ಗರ್ಭದಲ್ಲಿ ಕೂಸು ನುಂಗಿದ್ದ ನವಿರು ಕೂದಲು ಸಿಗುತ್ತಿತ್ತು. ದಾರಿ ಒಮ್ಮೆ ತೆರೆದಿರದಿದ್ದರೆ ಅವು ಅಲ್ಲಿಗೆ ಬರುವುದಾದರೂ ಹೇಗೆ?

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಜಾನ್ನಿ ಲೌ ಮತ್ತು ಕ್ರಿಸ್ಟಿಯಾನ್ ಬರ್ನಾರ್ಡ್ ಬೇರೆಯೇ ಕಾರಣ ಶಂಕಿಸಿದರು: ರಕ್ತ ತಲುಪದೆ ಕರುಳಿನ ತುಂಡೊಂದು ಗರ್ಭದಲ್ಲೇ ಸತ್ತು ಕರಗಿರಬೇಕು. ಬರ್ನಾರ್ಡ್ ಗಬ್ಬದ ನಾಯಿಯ ಗರ್ಭಕೋಶ ತೆರೆದು, ಮರಿಯ ಕರುಳಿಗೆ ರಕ್ತ ಒಯ್ಯುವ ನಾಳ ಕಟ್ಟಿ, ಮರಿಯನ್ನು ಮತ್ತೆ ಒಳಗಿಟ್ಟು ಹೊಲಿದರು. ಒಂಬತ್ತು ತಿಂಗಳು, ನಲವತ್ತಕ್ಕೂ ಹೆಚ್ಚು ಯತ್ನ. ಕೊನೆಗೆ ಒಂದು ಮರಿ ಹುಟ್ಟಿತು, ಕೂಸುಗಳಲ್ಲಿ ಕಾಣುವಂಥದೇ ಮುಚ್ಚಿದ ಕರುಳಿನೊಂದಿಗೆ. ಆ ಮೂಕ ಜೀವಗಳ ನೋವು ನೆನೆದರೆ ಸಂಕಟವಾಗುತ್ತದೆ. ಆದರೆ ಅವುಗಳಿಂದ ಬದುಕಿದ ಕೂಸುಗಳು ಅಸಂಖ್ಯ.

1955ರಲ್ಲಿ ಈ ಪ್ರಯೋಗ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ರೀತಿಯೇ ಬದಲಾಯಿತು. ಅದುವರೆಗೆ ವೈದ್ಯರು ಮುಚ್ಚಿದ ತುದಿಗಳನ್ನೇ ಜೋಡಿಸುತ್ತಿದ್ದರು. ರಕ್ತ ಸಾಲದ ಆ ತುದಿಗಳು ಕೂಡಿಕೊಳ್ಳುತ್ತಿರಲಿಲ್ಲ. ಆಮೇಲೆ ಆ ಭಾಗವನ್ನು ತೆಗೆದುಹಾಕಿ, ಆರೋಗ್ಯವಾದ ತುದಿಗಳನ್ನು ಸೇರಿಸತೊಡಗಿದರು. 1967ರಲ್ಲಿ ಮನುಷ್ಯನಿಗೆ ಮನುಷ್ಯನದೇ ಹೃದಯವನ್ನು ಮೊದಲ ಬಾರಿ ಕಸಿ ಮಾಡಿದವರೂ ಇದೇ ಬರ್ನಾರ್ಡ್. ಜಗತ್ತು ಅವರನ್ನು ನೆನೆಯುವುದು ಹೃದಯಕ್ಕಾಗಿ. ನನಗೆ ಕರುಳಿನ ಕೆಲಸವೇ ದೊಡ್ಡದು.

ಸುಣ್ಣದ ಚುಕ್ಕೆಗಳು ಈಗ ಬಸುರಿಯ ಸ್ಕ್ಯಾನಿಂಗಿನಲ್ಲೇ ಕಾಣಬಹುದು. ಆದರೆ ಕರುಳು ಮುಚ್ಚಿದ ಎಲ್ಲ ಕೂಸುಗಳಲ್ಲೂ ಅವು ಇರುವುದಿಲ್ಲ. ಕಡಹಿನಬೈಲಿನಂಥ ಮಲೆನಾಡ ಊರಿನ ಮನೆಗಳಿಗೆ ನನ್ನ ಬಿನ್ನಹ ಇಷ್ಟೇ: ಹಸುಗೂಸು ಹಸಿರು ಬಣ್ಣದ ವಾಂತಿ ಮಾಡಿದರೆ, ಹೊಟ್ಟೆ ಉಬ್ಬಿ ಮಲ ಹೋಗದಿದ್ದರೆ, ಕಷಾಯ, ಬಜೆ ಎಂದು ಕಾಯಬೇಡಿ. ಮಕ್ಕಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಅಂದೇ ಹೊರಡಿ.