ಮುಂದಿನ ಸೀಟು ಹಿಂದಕ್ಕೆ ಬಾಗಿದಾಗ

2014ರ ಆಗಸ್ಟ್ 24ರಂದು ಅಮೆರಿಕದ ನ್ಯೂವರ್ಕ್‌ನಿಂದ ಡೆನ್ವರ್‌ಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್ ವಿಮಾನವೊಂದು ನಡುದಾರಿಯಲ್ಲಿ ಷಿಕಾಗೋದಲ್ಲಿ ಇಳಿಯಬೇಕಾಯಿತು. ಎಂಜಿನ್ ಕೆಟ್ಟಿರಲಿಲ್ಲ, ಯಾರಿಗೂ ಹೃದಯಾಘಾತವೂ ಆಗಿರಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದ ಪ್ರಯಾಣಿಕರೊಬ್ಬರು, ಮುಂದಿನ ಸೀಟು ತಮ್ಮತ್ತ ಬಾಗದಂತೆ ಊಟದ ಹಲಗೆಯ ತೋಳುಗಳಿಗೆ ‘ನೀ ಡಿಫೆಂಡರ್’ ಎಂಬ ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಸಿಕ್ಕಿಸಿದ್ದರು. ಸೀಟು ಬಾಗದಿದ್ದಾಗ ಮುಂದೆ ಕುಳಿತಿದ್ದ ಮಹಿಳೆಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆದು, ಆಕೆ ಲೋಟದಲ್ಲಿದ್ದುದನ್ನು ಅವರ ಮೇಲೆ ಎರಚಿದರು. ಇಬ್ಬರಿಗೂ 48 ವರ್ಷ. ತಮಾಷೆಯೆಂದರೆ, ಇಬ್ಬರೂ ಕುಳಿತಿದ್ದುದು ಕಾಲಿಗೆ ಮಾಮೂಲಿಗಿಂತ ಹೆಚ್ಚು ಜಾಗವಿರುವ ಸಾಲುಗಳಲ್ಲಿ!

ಮೂರು ದಿನಗಳ ನಂತರ ಮಿಯಾಮಿಯಿಂದ ಪ್ಯಾರಿಸ್‌ಗೆ ಹೊರಟ ವಿಮಾನ ಇದೇ ಕಾರಣಕ್ಕೆ ಬಾಸ್ಟನ್‌ನಲ್ಲಿ ಇಳಿಯಿತು. ಸೆಪ್ಟೆಂಬರ್ 1ರಂದು ಫ್ಲಾರಿಡಾಕ್ಕೆ ಹೋಗುತ್ತಿದ್ದ ಇನ್ನೊಂದು ವಿಮಾನ ಜಾಕ್ಸನ್‌ವಿಲ್‌ನಲ್ಲಿ ಇಳಿಯಿತು. ಒಂಬತ್ತೇ ದಿನಗಳಲ್ಲಿ ಮೂರು ವಿಮಾನಗಳು!

ಓದಿ ನಕ್ಕುಬಿಡಬಹುದಾದ ಸುದ್ದಿ ಇದು. ಆದರೆ ವೈದ್ಯನಾದ ನನ್ನ ಬಳಿಗೆ ಹೀಗೆ ಜಗಳವಾಡಿದವರು ಬರುವುದಿಲ್ಲ. ಜಗಳವೇಕೆ ಎಂದು ತುಟಿಪಿಟಕ್ಕೆನ್ನದೆ ಹದಿನಾರು ಗಂಟೆ ಮುದುಡಿ ಕುಳಿತು ಬಂದವರು ಬರುತ್ತಾರೆ. ಅಂಥವರೊಬ್ಬರ ವಿಷಯವನ್ನು ಮುಂದೆ ಹೇಳುತ್ತೇನೆ.

ಇಬ್ಬರದೂ ಸರಿ

ಮೊದಲು ಮುಂದೆ ಕುಳಿತವರ ಪಕ್ಷ. ನೆಟ್ಟಗೆ ಕುಳಿತಾಗ ನಿಂತಿರುವಾಗಿಗಿಂತ ಸೊಂಟಕ್ಕೆ ಹೆಚ್ಚು ವಿಶ್ರಾಂತಿ ಎಂದು ಬಹಳ ಜನ ಭಾವಿಸಿದ್ದಾರೆ. ಸ್ವೀಡನ್ನಿನ ಮೂಳೆ ತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲೇ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗೆ ಸೂಜಿ ಚುಚ್ಚಿ ಒತ್ತಡವನ್ನು ಅಳೆದರು. ಆಸರೆಯಿಲ್ಲದೆ ಕುಳಿತಾಗ ಡಿಸ್ಕ್ ಮೇಲಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿತ್ತು. ಬೆನ್ನನ್ನು ಹಿಂದಕ್ಕೆ ಒರಗಿಸಿದಂತೆ ಅದು ಇಳಿಯುತ್ತಿತ್ತು. 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಎಂ.ಆರ್.ಐ. ಯಂತ್ರದೊಳಗೆ ಜನರನ್ನು ಕೂರಿಸಿ ನೋಡಿದಾಗ, ತೊಡೆಗೂ ಬೆನ್ನಿಗೂ ನಡುವೆ ಸುಮಾರು 135 ಡಿಗ್ರಿ ಕೋನವಿರುವ ಭಂಗಿಯೇ ಡಿಸ್ಕ್‌ಗೆ ಹಿತವೆಂದು ಕಂಡುಬಂತು. ಆದ್ದರಿಂದ ಸೊಂಟನೋವಿರುವವರು ಸೀಟನ್ನು ಒರಗಿಸುವುದು ಸೊಕ್ಕಿನಿಂದಲ್ಲ.

ಇನ್ನು ಹಿಂದೆ ಕುಳಿತವರದು. ಇಂದು ಸಾಮಾನ್ಯ ದರ್ಜೆಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ ಇರುವ ಅಂತರ ಹಲವು ಕಂಪನಿಗಳಲ್ಲಿ 28ರಿಂದ 31 ಇಂಚು. ಇದರಲ್ಲಿ ಸೀಟಿನ ದಪ್ಪವೂ ಸೇರಿದೆ ಎಂಬುದನ್ನು ಮರೆಯಬೇಡಿ. ಮುಂದಿನ ಸೀಟು ಎರಡು ಮೂರು ಇಂಚು ಬಾಗಿದರೂ ಎತ್ತರದವರ ಮಂಡಿಗೆ ಅದು ತಗಲುತ್ತದೆ. ಮಂಡಿ ಸವೆತ ಇರುವವರು ಕಾಲನ್ನು ಆಗಾಗ ಚಾಚಿ ಮಡಿಸಲೇಬೇಕು, ಇಲ್ಲದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ಸಾಲದ್ದಕ್ಕೆ ಆ ಎತ್ತರದಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಕಡಿಮೆ. ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲೆ ಕುಳಿತಂತೆ. ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಆಗ ಮುಂದಿನ ಸೀಟೂ ಎದೆಯತ್ತ ಬಂದರೆ ಯಾರಿಗೆ ತಾನೇ ತಾಳ್ಮೆ ಇದ್ದೀತು?

ನನ್ನ ಅಭಿಪ್ರಾಯ ಕೇಳುವುದಾದರೆ ತಪ್ಪು ಇಬ್ಬರದೂ ಅಲ್ಲ, ಸೀಟಿನದು. ಅದನ್ನು ಹಾಗೆ ಒತ್ತೊತ್ತಾಗಿ ಜೋಡಿಸಿದವರು ಮಾತ್ರ ಆ ಜಗಳದ ಹೊತ್ತಿನಲ್ಲಿ ವಿಮಾನದಲ್ಲಿ ಇರುವುದಿಲ್ಲ! ನಮ್ಮ ರಾತ್ರಿ ಬಸ್ಸುಗಳ ಪುಷ್‌ಬ್ಯಾಕ್ ಸೀಟುಗಳಲ್ಲಿ ಪ್ರಯಾಣ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸದ್ದಿಲ್ಲದ ಅಪಾಯ

ಈಗ ಆ ಹಿರಿಯರ ವಿಷಯ. ನಿವೃತ್ತ ಶಾಲಾ ಶಿಕ್ಷಕಿ, ಅರವತ್ತೆಂಟು ವರ್ಷ, ಐದಡಿಯ ಆಳು. ಅಮೆರಿಕದಲ್ಲಿರುವ ಮಗಳ ಬಾಣಂತನ ಮುಗಿಸಿ ಮರಳಿದ ಮೂರನೇ ದಿನ ಎಡಗಾಲು ಊದಿಸಿಕೊಂಡು ಬಂದರು. ಕಿಟಕಿ ಪಕ್ಕದ ಸೀಟು. ವಿಮಾನ ಏರಿದ ಅರ್ಧ ಗಂಟೆಗೇ ಮುಂದಿನವರು ಸೀಟು ಒರಗಿಸಿ ನಿದ್ರೆಗೆ ಜಾರಿದ್ದರು. ಪಕ್ಕದ ಇಬ್ಬರೂ ನಿದ್ರೆಯಲ್ಲಿದ್ದರು. “ಎಬ್ಬಿಸೋಕೆ ಸಂಕೋಚ ಆಯ್ತು ಡಾಕ್ಟ್ರೇ. ಬಾತ್‌ರೂಮಿಗೆ ಏಳಬೇಕಾಗುತ್ತೆ ಅಂತ ನೀರೂ ಕುಡೀಲಿಲ್ಲ” ಎಂದರು. ಮೀನಖಂಡ ಮುಟ್ಟಿದರೆ ನೋವು, ಬಿಸಿ, ಬಿಗಿತ. ಡಾಪ್ಲರ್ ಪರೀಕ್ಷೆಯಲ್ಲಿ ಕಾಲಿನ ಒಳ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ಖಚಿತವಾಯಿತು.

ಇದು ಹೇಗೆ ಆಗುತ್ತದೆ? ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ನಮ್ಮ ಮೀನಖಂಡದ ಸ್ನಾಯು. ನಡೆದಾಗ, ಪಾದ ಅಲ್ಲಾಡಿಸಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಗಂಟೆಗಟ್ಟಲೆ ಮಂಡಿ ಮಡಿಸಿ ಅಲುಗಾಡದೆ ಕುಳಿತರೆ ರಕ್ತ ಕೆಳಗೇ ನಿಂತು ಹೆಪ್ಪಾಗಬಹುದು. ಆ ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಇದು ವಿಮಾನದಿಂದ ಹುಟ್ಟಿದ ಕಾಯಿಲೆಯೂ ಅಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಬಟ್ಟೆಯ ಮಡಿಸುವ ಕುರ್ಚಿಗಳಲ್ಲಿ ಮಲಗುತ್ತಿದ್ದರು. ಅವರಲ್ಲಿ ಇಂಥ ಸಾವುಗಳು ಹೆಚ್ಚಿದ್ದನ್ನು ವೈದ್ಯ ಕೀತ್ ಸಿಂಪ್ಸನ್ ಗುರುತಿಸಿದರು. ಕುರ್ಚಿಯ ಮುಂಭಾಗದ ಪಟ್ಟಿ ತೊಡೆಯ ಹಿಂಬದಿಯನ್ನು ಒತ್ತಿ ರಕ್ತನಾಳವನ್ನು ಅಮುಕುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕುಳಿತು ಪ್ರಯಾಣ ಮಾಡಿದರೆ, ವಿಮಾನವಿರಲಿ, ಬಸ್ಸು ರೈಲುಗಳಿರಲಿ, ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಗಾಬರಿ ಬೇಡ. ಇಮ್ಮಡಿಯಾದರೂ ಆರೋಗ್ಯವಂತರಲ್ಲಿ ಅದು ಸುಮಾರು 6000 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಬೊಜ್ಜು ಇರುವವರಿಗೆ, ಗರ್ಭನಿರೋಧಕ ಮಾತ್ರೆ ಸೇವಿಸುವವರಿಗೆ, ಬಹಳ ಎತ್ತರದವರಿಗೆ ಹೆಚ್ಚು. 160 ಸೆಂಟಿಮೀಟರಿಗಿಂತ ಗಿಡ್ಡವಿರುವವರಿಗೂ ಹೆಚ್ಚು! ಅವರ ಪಾದ ನೆಲಕ್ಕೆ ಸರಿಯಾಗಿ ಊರುವುದಿಲ್ಲ, ಸೀಟಿನ ಅಂಚು ತೊಡೆಯನ್ನು ಒತ್ತುತ್ತದೆ. ನಮ್ಮ ತಾಯಂದಿರಲ್ಲಿ ಬಹುಪಾಲು ಈ ಗುಂಪಿನವರೇ. ವಿಮಾನದ ಸೀಟಿನ ವಿಷಯ ಬಂದಾಗ ನಾವು ಯೋಚಿಸುವುದು ಮಾತ್ರ ಆರಡಿ ಗಂಡಸರ ಮಂಡಿಯನ್ನು.

ಹಾಗಾದರೆ ಏನು ಮಾಡಬೇಕು? ಸೀಟು ಕಾಯ್ದಿರಿಸುವಾಗಲೇ ನಡೆದಾಡುವ ದಾರಿಯ ಪಕ್ಕದ ಸೀಟು ಕೇಳಿ. ಹೆಚ್ಚಿಗೆ ಹಣ ಕೇಳಿದರೆ, ಹಿರಿಯರ ವಿಷಯದಲ್ಲಿ ಕೊಟ್ಟುಬಿಡಿ. ಕಾಲ ಕೆಳಗೆ ಸಣ್ಣ ಕೈಚೀಲವಿಟ್ಟು ಪಾದ ಊರಿ, ತೊಡೆಯ ಮೇಲಿನ ಒತ್ತಡ ತಪ್ಪುತ್ತದೆ. ಎಚ್ಚರವಿದ್ದಾಗ ಗಂಟೆಗೊಮ್ಮೆಯಾದರೂ ಹಿಮ್ಮಡಿ ಊರಿ ಬೆರಳು ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು, ಹೀಗೆ ಇಪ್ಪತ್ತು ಸಲ ಮಾಡಿ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಮುಂದಿನ ಸೀಟು ಎಷ್ಟೇ ಬಾಗಿರಲಿ ಮಾಡಬಹುದು. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ನೀರು ಕುಡಿಯಿರಿ. ನಿದ್ರೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪಿರಿನ್ನನ್ನು ಸ್ವಂತ ಬುದ್ಧಿಯಿಂದ ತೆಗೆದುಕೊಳ್ಳಬೇಡಿ. ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಪ್ರಯಾಣಕ್ಕೆ ಮೊದಲೇ ವೈದ್ಯರನ್ನು ಕಂಡು ಬಿಗಿ ಕಾಲುಚೀಲದ ಅಥವಾ ಔಷಧದ ಅಗತ್ಯವಿದೆಯೇ ಎಂದು ಕೇಳಿ.

ಸೊಂಟನೋವಿನವರಿಗೆ ಒಂದು ಮಾತು. ಸಾಮಾನ್ಯ ದರ್ಜೆಯ ಸೀಟು ಬಾಗುವುದು ಕೆಲವೇ ಇಂಚು, 135 ಡಿಗ್ರಿಯ ಹತ್ತಿರಕ್ಕೂ ಬರುವುದಿಲ್ಲ. ಶಾಲನ್ನೋ ಟವೆಲನ್ನೋ ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳಿ. ಅನೇಕರಿಗೆ ಅದೇ ಸಾಕಾಗುತ್ತದೆ. ರಾತ್ರಿಯ ದೂರ ಪ್ರಯಾಣದಲ್ಲಿ ಒರಗಿಸಿ, ತಪ್ಪಿಲ್ಲ. ಆದರೆ ಗುಂಡಿ ಒತ್ತುವ ಮುನ್ನ ಒಮ್ಮೆ ಹಿಂತಿರುಗಿ ನೋಡಿ, ನಿಧಾನವಾಗಿ ಬಾಗಿಸಿ. ಹಿಂದಿನವರ ಹಲಗೆಯ ಮೇಲೆ ಬಿಸಿ ಕಾಫಿ ಇರಬಹುದು, ಮಡಿಲಲ್ಲಿ ಮಗು ಇರಬಹುದು. ಊಟದ ಹೊತ್ತಿಗೆ ನೆಟ್ಟಗೆ ಮಾಡಿಕೊಳ್ಳಿ. ಹಿಂದೆ ಕುಳಿತವರು ಸೀಟನ್ನು ಗುದ್ದುವ ಬದಲು ಬಾಯಿಬಿಟ್ಟು ಕೇಳಬೇಕು. “ಮಂಡಿ ನೋವಿದೆ, ಸ್ವಲ್ಪ ಮುಂದೆ ಮಾಡ್ತೀರಾ?” ಎಂದರೆ ಅನೇಕರು ಒಪ್ಪುತ್ತಾರೆ. ಒಪ್ಪದಿದ್ದರೆ ಗಗನಸಖಿಯನ್ನು ಕರೆಯಿರಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಅಲ್ಲಿ ಕೂಗಾಡಲೇಬಾರದು. ತೀವ್ರ ಸಿಟ್ಟು ಬಂದ ಮುಂದಿನ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಾಧ್ಯತೆ ಹೆಚ್ಚುತ್ತದೆಂದು ಅಧ್ಯಯನಗಳು ತೋರಿಸಿವೆ.

ನಮ್ಮ ಶಿಕ್ಷಕಿ ಆರು ತಿಂಗಳು ರಕ್ತ ತಿಳಿಯಾಗಿಸುವ ಔಷಧ ಸೇವಿಸಿ ಗುಣಮುಖರಾದರು. ಅವರು ಮೂರೇ ದಿನಕ್ಕೆ ಬಂದದ್ದು ಒಳ್ಳೆಯದಾಯಿತು. ಪ್ರಯಾಣದ ನಂತರ ಕೆಲವು ವಾರಗಳವರೆಗೂ ಈ ತೊಂದರೆ ಕಾಣಿಸಿಕೊಳ್ಳಬಹುದು. ಎರಡೂ ಪಾದಗಳು ಸ್ವಲ್ಪ ಊದಿ ಒಂದೆರಡು ದಿನದಲ್ಲಿ ಇಳಿದರೆ ಚಿಂತೆಯಿಲ್ಲ. ಒಂದೇ ಕಾಲು ಊದಿ ನೋವಾದರೆ ಅಂದೇ ವೈದ್ಯರ ಬಳಿಗೆ ಹೋಗಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಧಾವಿಸಿ. ಹೋದಾಗ ಇತ್ತೀಚೆಗೆ ದೂರ ಪ್ರಯಾಣ ಮಾಡಿದ್ದನ್ನು ನೀವಾಗಿಯೇ ತಿಳಿಸಿ. ನಾವು ವೈದ್ಯರು ಕೇಳಲು ಮರೆಯುವುದುಂಟು.