ಕುತ್ತನ್ನು ಗೆದ್ದ ಕಂಠ

ವೀಣೆಯ ತಂತಿ ಹರಿದರೆ ಹೊಸ ತಂತಿಯನ್ನು ಬಿಗಿಯಬಹುದು. ಮೃದಂಗದ ಚರ್ಮ ಒಡೆದರೆ ಬೇರೆ ಚರ್ಮವನ್ನು ಹೊದಿಸಬಹುದು. ಬದಲಾಯಿಸಲಾಗದ ವಾದ್ಯವೆಂದರೆ ಗಾಯಕನದೊಂದೇ. ಐವತ್ತಾರನೆಯ ವಯಸ್ಸಿನಲ್ಲಿ ಆ ವಾದ್ಯಕ್ಕೇ ಕುತ್ತು ಬಂದೊದಗಿದಾಗ ಧೃತಿಗೆಡದೆ, ಮರಳಿ ವೇದಿಕೆಯನ್ನೇರಿದವರು ಇಂಗ್ಲೆಂಡಿನ ಬ್ರೂಸ್ ಡಿಕಿನ್ಸನ್. ಅವರು ಹಾಡುವುದು ಹೆವಿ ಮೆಟಲ್ ಎಂಬ ಸಂಗೀತವನ್ನು.

ಹೆವಿ ಮೆಟಲ್ ಎಂದರೆ ಭಾರವಾದ ಲೋಹ. ಹೆಸರಿಗೆ ತಕ್ಕಂತೆ ಅದರ ನಾದವೂ ಗಡಸು. ಈ ಪಂಥದ ಮೊದಲಿಗರೆಂದು ಹೆಸರಾದ ಬ್ಲ್ಯಾಕ್ ಸಬ್ಬತ್ ತಂಡ ಹುಟ್ಟಿದ್ದು ಕಾರ್ಖಾನೆಗಳ ನಗರವಾದ ಬರ್ಮಿಂಗ್‌ಹ್ಯಾಮಿನಲ್ಲಿ; ಅದರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1970ರಲ್ಲಿ. ಆ ತಂಡದ ಗಿಟಾರುವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯೊಂದರಲ್ಲಿ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡಿದ್ದವರು. ವಿದ್ಯುತ್ ಗಿಟಾರುಗಳ ಗುಡುಗು, ಡ್ರಮ್ಮುಗಳ ಆರ್ಭಟ, ಇವುಗಳ ನಡುವೆ ಗಾಯಕನ ದನಿ ಮುಳುಗದೆ ಮೇಲೆದ್ದು ಬರಬೇಕು. ಮನೆಯ ಹಿರಿಯರ ಕಿವಿಗೆ ಇದು ಬರಿಯ ಕಿರುಚಾಟವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಬರಿಯ ಕಿರುಚಾಟವಾಗಿದ್ದರೆ ಯಾವ ಗಂಟಲೂ ನಾಲ್ಕು ದಶಕ ಬಾಳುತ್ತಿರಲಿಲ್ಲ. ಉಸಿರನ್ನು ಹೊಟ್ಟೆಯಾಳದಿಂದ ಎತ್ತಿ, ಗಂಟಲಿಗೆ ಘಾಸಿಯಾಗದಂತೆ ತಾರಸ್ಥಾಯಿಯಲ್ಲಿ ನಿಲ್ಲಿಸುವುದಕ್ಕೆ ಸಾಧನೆ ಬೇಕು.

ಡಿಕಿನ್ಸನ್ ಹುಟ್ಟಿದ್ದು 1958ರ ಆಗಸ್ಟ್ 7ರಂದು, ನಾಟಿಂಗ್‌ಹ್ಯಾಮ್ ಪ್ರಾಂತದ ವರ್ಕ್‌ಸಾಪ್ ಎಂಬ ಊರಿನಲ್ಲಿ. ಬಾಲ್ಯದ ಮೊದಲ ವರ್ಷಗಳು ಕಳೆದದ್ದು ಅಜ್ಜ ಅಜ್ಜಿಯರ ಆಶ್ರಯದಲ್ಲಿ. ಅಜ್ಜ ಕಲ್ಲಿದ್ದಲ ಗಣಿಯ ಕೆಲಸಗಾರ. ಲಂಡನ್ನಿನ ಕಾಲೇಜಿನಲ್ಲಿ ಇತಿಹಾಸವನ್ನು ಓದಿದ ಈ ತರುಣ, ಸ್ಯಾಮ್ಸನ್ ಎಂಬ ತಂಡದಲ್ಲಿ ಹಾಡುತ್ತಿದ್ದು, 1981ರಲ್ಲಿ ಐರನ್ ಮೇಡನ್ ತಂಡವನ್ನು ಸೇರಿದರು. ಮರುವರ್ಷವೇ ಅವರು ಹಾಡಿದ ‘ದ ನಂಬರ್ ಆಫ್ ದ ಬೀಸ್ಟ್’ ಬ್ರಿಟನ್ನಿನಲ್ಲಿ ಮಾರಾಟದ ಅಗ್ರಸ್ಥಾನಕ್ಕೇರಿತು. 1984-85ರ ಒಂದೇ ಪ್ರವಾಸದಲ್ಲಿ ಸುಮಾರು ಹನ್ನೊಂದು ತಿಂಗಳ ಕಾಲ, 180ಕ್ಕೂ ಹೆಚ್ಚು ಕಛೇರಿಗಳು ನಡೆದುವು. ಅವರ ದನಿಗೆ ಅಭಿಮಾನಿಗಳು ಇಟ್ಟ ಹೆಸರು ‘ವಿಮಾನದಾಳಿಯ ಸೈರನ್’.

ಹೆಸರಿಟ್ಟವರಿಗೆ ಮುಂದಿನದು ತಿಳಿದಿರಲಿಲ್ಲ. ಡಿಕಿನ್ಸನ್ ನಿಜವಾಗಿಯೂ ವಿಮಾನದ ಚಾಲಕರಾದರು! ಪ್ರಯಾಣಿಕರ ವಿಮಾನಗಳನ್ನು ನಡೆಸುವ ಉದ್ಯೋಗವನ್ನೂ ಮಾಡಿದರು. 2008ರ ಪ್ರವಾಸದಲ್ಲಿ ತಂಡದವರನ್ನೂ ಸಲಕರಣೆಗಳನ್ನೂ ಹೊತ್ತ ಬೋಯಿಂಗ್ 757 ವಿಮಾನವನ್ನು ತಾವೇ ನಡೆಸಿದರು. ಆ ಪ್ರವಾಸದ ಮೊದಲ ಕಛೇರಿ ಮುಂಬಯಿಯಲ್ಲಿ ನಡೆಯಿತು.

ಇದರ ನಡುವೆ 1993ರಲ್ಲಿ ತಂಡವನ್ನು ತೊರೆದು 1999ರಲ್ಲಿ ಮರಳಿದ್ದೂ ಉಂಟು. ಹಾಗೆ ಹೊರಗಿದ್ದ ಕಾಲದಲ್ಲಿಯೇ, 1994ರ ಡಿಸೆಂಬರಿನಲ್ಲಿ, ಮುತ್ತಿಗೆಗೆ ಸಿಕ್ಕು ನರಳುತ್ತಿದ್ದ ಸರಾಯೆವೊ ನಗರವನ್ನು ಲಾರಿಯೊಂದರಲ್ಲಿ ಕುಳಿತು ಹೊಕ್ಕು, ಅಲ್ಲಿನ ಜನರೆದುರು ಹಾಡಿ ಬಂದರು.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿತು. ಭಾರತದಲ್ಲಿ ಅದು ಆ ತಂಡದ ಮೊದಲ ಕಛೇರಿ. ಸಾವಿರಾರು ತರುಣರು ನೆರೆದಿದ್ದರು. ಬೆಂಗಳೂರಿಗೆ ಈ ಸಂಗೀತ ಹೊಸತೇನೂ ಆಗಿರಲಿಲ್ಲ. 1998ರಲ್ಲಿ ಅಲ್ಲಿಯೇ ಹುಟ್ಟಿದ ಕ್ರಿಪ್ಟೋಸ್ ಎಂಬ ತಂಡ, 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕನ್ ಉತ್ಸವದ ವೇದಿಕೆಯನ್ನೇರಿತು.

ಹೀಗೆ ಬೆಳೆದ ಬಾಳಿಗೆ ಸಿಡಿಲೆರಗಿದ್ದು 2014ರ ಕೊನೆಯಲ್ಲಿ. ‘ದ ಬುಕ್ ಆಫ್ ಸೋಲ್ಸ್’ ಧ್ವನಿಮುದ್ರಿಕೆಗೆ ಹಾಡಿ ಮುಗಿಸಿದ ಬಳಿಕ ನಡೆದ ಪರೀಕ್ಷೆಯಲ್ಲಿ ನಾಲಗೆಯ ಹಿಂಭಾಗದಲ್ಲಿ ಕ್ಯಾನ್ಸರಿನ ಗಡ್ಡೆ ಕಂಡುಬಂದಿತು, ಕುತ್ತಿಗೆಯಲ್ಲಿಯೂ ಒಂದಿತ್ತು. ಎಂದರೆ, ಗಂಟಲಿನ ಬಾಗಿಲಲ್ಲೇ ಮೃತ್ಯು ಕುಳಿತಿದ್ದಾಗಲೂ ಆ ಹಾಡುಗಳು ಹೊರಟಿದ್ದುವು. 33 ಬಾರಿ ವಿಕಿರಣ ಚಿಕಿತ್ಸೆ, ಅದರೊಡನೆ ಒಂಬತ್ತು ವಾರಗಳ ಔಷಧೋಪಚಾರ. ಇಂತಹ ಚಿಕಿತ್ಸೆಯಿಂದ ಲಾಲಾಗ್ರಂಥಿಗಳು ಬತ್ತಿ ಬಾಯಿ ಒಣಗುವುದುಂಟು. ಗಾಯಕನಿಗಂತೂ ಅದು ಅನ್ನಕ್ಕೇ ಸಂಚಕಾರ. 2015ರ ಮೇ ತಿಂಗಳಲ್ಲಿ ವೈದ್ಯರು ರೋಗ ನೀಗಿತೆಂದರು. ಡಿಕಿನ್ಸನ್ ಆತುರಪಡಲಿಲ್ಲ. ಗಂಟಲು ಮಾಗುವವರೆಗೆ ಕಾದು, 2016ರ ಫೆಬ್ರವರಿಯಲ್ಲಿ ಮತ್ತೆ ವೇದಿಕೆಗೆ ಬಂದರು. ಈ ಬಾರಿ ತಂಡವನ್ನು ಹೊತ್ತದ್ದು ಇನ್ನೂ ದೊಡ್ಡ ವಿಮಾನ, ಬೋಯಿಂಗ್ 747.

ಈ ಕಥೆಯನ್ನು ಕೇಳುವಾಗ ಹಂಸಭಾವಿ, ಹಿರೇಕೆರೂರುಗಳ ಕಡೆಯವರಿಗೆ ನೆರೆಯ ಹಾನಗಲ್ಲಿನ ಹೆಸರು ನೆನಪಾಗದಿರದು. ಆ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಲೋಕಕ್ಕೆ ಪರಿಚಯಿಸಿದ ಗಂಗೂಬಾಯಿ ಹಾನಗಲ್ಲರ ಕಂಠವೂ ಮೊದಲು ಎಳೆಯದಾಗಿ, ತೆಳ್ಳಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅದು ಗಂಡುದನಿಯಂತೆ ಗಡುಸಾಯಿತು. ಅವರು ಹೋದ ದನಿಗಾಗಿ ಕೊರಗುತ್ತ ಕೂರದೆ, ಬಂದ ದನಿಯನ್ನೇ ಒಲಿಸಿಕೊಂಡರು. ಆ ಗಂಭೀರ ನಾದವೇ ಅವರ ಗುರುತಾಯಿತು. 1913ರಲ್ಲಿ ಜನಿಸಿದ ಅವರು 2006ರವರೆಗೂ ಕಛೇರಿ ನಡೆಸಿ, 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಖಯಾಲಿಗೂ ಹೆವಿ ಮೆಟಲ್‌ಗೂ ಅಜಗಜಾಂತರ. ಆದರೂ ಪೆಟ್ಟುಬಿದ್ದ ಗಂಟಲನ್ನು ಒಲಿಸಿಕೊಳ್ಳುವ ತಾಳ್ಮೆ ಎರಡು ಕಡೆಯೂ ಒಂದೇ.

ಡಿಕಿನ್ಸನ್ 2024ರಲ್ಲಿ ತಮ್ಮದೇ ಆದ ಹೊಸ ಧ್ವನಿಮುದ್ರಿಕೆಯನ್ನು ಹೊರತಂದರು. ಐರನ್ ಮೇಡನ್ನಿನ ಐವತ್ತು ವರ್ಷಗಳ ನೆನಪಿಗಾಗಿ 2025ರ ಮೇ ತಿಂಗಳಲ್ಲಿ ಬುಡಾಪೆಸ್ಟಿನಲ್ಲಿ ಆರಂಭವಾದ ಪ್ರವಾಸದಲ್ಲಿ, ಅರುವತ್ತಾರರ ಹರೆಯದಲ್ಲಿ, ತಮ್ಮ ಯೌವನದ ಹಾಡುಗಳನ್ನೇ ಮತ್ತೆ ಹಾಡಿದರು. ಮನೆಯ ಮಕ್ಕಳು ಕೋಣೆಯಲ್ಲಿ ಇಂತಹ ಹಾಡನ್ನು ಹಾಕಿಕೊಂಡಾಗ ಹಿರಿಯರು ಬಾಗಿಲು ಮುಚ್ಚಬಹುದು, ತಪ್ಪಲ್ಲ. ಮುಚ್ಚುವ ಮೊದಲು ಆ ಗದ್ದಲದ ನಡುವಿನ ಮನುಷ್ಯಕಂಠವನ್ನು ಒಂದು ಗಳಿಗೆ ಆಲಿಸಿದರೆ, ಅದರ ಹಿಂದಿನ ದುಡಿಮೆ ಕೇಳಿಸದಿರದು.