ನಕ್ಷೆಯಲ್ಲಿ ಬಾಗಿಲು, ಕಿಟಕಿ, ಬೆಳಕಿಂಡಿ: ಜನಪದ ವಸತಿಯ ದಾಖಲಾತಿಯನ್ನು ಕುರಿತು

ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ಮನೆಗೆ ಪ್ರಮುಖ ಸ್ಥಾನವಿದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪರಿಸರದಲ್ಲಿ ಕಲ್ಲು ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ ತೊಲೆ, ಮೇಲೆ ಮಣ್ಣಿನ ಮಾಳಿಗೆ ಇರುವ ಹಳೆಯ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ರಾಮದುರ್ಗ ತಾಲ್ಲೂಕಿನ ನದಿತೀರದ ಊರುಗಳಲ್ಲಿ ಇಂಥ ಮನೆಗಳು ನೆನೆದು ಕುಸಿದವು. ಬಿದ್ದ ಮನೆಯ ವಿಷಯದಲ್ಲಿ ಉಳಿಯುವುದು ಅಲ್ಲಿ ಬಾಳಿದವರ ನೆನಪು. ಯಾರಾದರೂ ಮೊದಲೇ ತೆಗೆದಿದ್ದರೆ ಅದರ ನಕ್ಷೆ. ಇಂದು ನಕ್ಷೆಯನ್ನು ಕೈಯಿಂದ ಬರೆಯುವವರು ವಿರಳ. ಗಣಕಯಂತ್ರದ ತಂತ್ರಾಂಶವೇ ಅದನ್ನು ರೂಪಿಸುತ್ತದೆ. ಆದ್ದರಿಂದ ತಂತ್ರಾಂಶವು ಬಾಗಿಲು ಕಿಟಕಿಗಳನ್ನು ಹೇಗೆ ತೋರಿಸುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು ಜಾನಪದ ಅಭ್ಯಾಸಿಗಳೂ ಅರಿಯುವುದು ಅಗತ್ಯ.

ತಳವಿನ್ಯಾಸವೆಂದರೆ ಮನೆಯನ್ನು ನೆಲದಿಂದ ಒಂದು ಎತ್ತರದಲ್ಲಿ ಅಡ್ಡಲಾಗಿ ಕೊಯ್ದು, ಮೇಲಿನ ಭಾಗವನ್ನು ತೆಗೆದಿಟ್ಟು, ಕೆಳಗೆ ನೋಡಿದಾಗ ಕಾಣುವ ಚಿತ್ರ. ಈ ಕೊಯ್ತದ ಮಟ್ಟವನ್ನು ಸಾಮಾನ್ಯವಾಗಿ 1.2 ಮೀಟರ್, ಅಂದರೆ ಸುಮಾರು 4 ಅಡಿ ಎತ್ತರದಲ್ಲಿ ಇಡುತ್ತಾರೆ. ಕೊಯ್ತಕ್ಕೆ ಸಿಕ್ಕ ಗೋಡೆ ದಪ್ಪ ಗೆರೆಯಲ್ಲಿಯೂ ಕೆಳಗೆ ಕಾಣುವ ನೆಲ, ಮೆಟ್ಟಿಲುಗಳು ತೆಳು ಗೆರೆಯಲ್ಲಿಯೂ ಬರುತ್ತವೆ. ಬಾಗಿಲ ಕದವನ್ನು ತೆರೆದಂತೆ ಬರೆದು, ಅದು ತಿರುಗುವ ದಾರಿಯನ್ನು ಕಾಲು ವೃತ್ತದ ಕಮಾನುಗೆರೆಯಿಂದ ಸೂಚಿಸುತ್ತಾರೆ. ಕಿಟಕಿ ಗೋಡೆಯ ತೆರವಿನಲ್ಲಿ ಸಮಾನಾಂತರ ಗೆರೆಗಳಾಗಿ ಕಾಣುತ್ತದೆ. ಕೊಯ್ತದ ಮಟ್ಟಕ್ಕಿಂತ ಮೇಲಿರುವುದನ್ನು ತೋರಿಸಬೇಕಾದರೆ ತುಂಡುಗೆರೆಯನ್ನು ಬಳಸುವುದು ರೂಢಿ.

1982ರಲ್ಲಿ ಬಂದ ಆಟೋಕ್ಯಾಡ್ ಮೊದಲಿಗೆ ಕೈನಕ್ಷೆಯ ಗೆರೆಗಳನ್ನೇ ಪರದೆಯ ಮೇಲೆ ಎಳೆಯುವ ಸಾಧನವಾಗಿತ್ತು. 2000ದಲ್ಲಿ ಬಂದ ರೆವಿಟ್‌ನಂಥ ತಂತ್ರಾಂಶಗಳಲ್ಲಿ ಬಾಗಿಲು ಗೆರೆಯಲ್ಲ, ಒಂದು ವಸ್ತು. ಅದನ್ನು ಗೋಡೆಯಲ್ಲಿ ಇರಿಸಿದೊಡನೆ ಗೋಡೆ ತಾನಾಗಿ ತೆರೆದುಕೊಳ್ಳುತ್ತದೆ. ತಳವಿನ್ಯಾಸ, ಮುಖನೋಟ, ಛೇದನೋಟ ಎಲ್ಲವೂ ಒಂದೇ ಮಾದರಿಯಿಂದ ಹೊರಡುತ್ತವೆ. ಚಿತ್ರದ ವಿವರವನ್ನು ಸ್ಥೂಲ, ಮಧ್ಯಮ, ಸೂಕ್ಷ್ಮ ಎಂದು ಆಯ್ದುಕೊಳ್ಳಬಹುದು. ಆದರೆ ಸಿದ್ಧವಾಗಿ ದೊರೆಯುವ ಬಾಗಿಲು ಕಿಟಕಿಗಳು ಬಹುಮಟ್ಟಿಗೆ ಕಾರ್ಖಾನೆಯಲ್ಲಿ ತಯಾರಾದವುಗಳ ಮಾದರಿಗಳು. ಬಡಿಗೇರರ ಕೈಯಲ್ಲಿ ಹುಟ್ಟಿದ ಬಾಗಿಲು ಅಲ್ಲಿ ಇರುವುದಿಲ್ಲ.

ಇದರ ಪರಿಣಾಮವನ್ನು ಕೆಲವು ಉದಾಹರಣೆಗಳಿಂದ ತಿಳಿಯಬಹುದು. ಮಾಳಿಗೆ ಮನೆಯ ನಡುಮನೆಗೂ ಅಡುಗೆಮನೆಗೂ ಬೆಳಕು ಬರುವುದು ಹೆಚ್ಚಾಗಿ ಮೇಲ್ಮುದ್ದೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಹೊಗೆ ಹೊರಹೋಗುವುದೂ ಅಲ್ಲಿಂದಲೇ. ಅದು ಕೊಯ್ತದ ಮಟ್ಟಕ್ಕಿಂತ ಬಹಳ ಮೇಲಿರುವುದರಿಂದ, ತುಂಡುಗೆರೆಯಲ್ಲಿ ಬೇರೆಯಾಗಿ ಗುರುತಿಸದಿದ್ದರೆ ತಳವಿನ್ಯಾಸದಲ್ಲಿ ಕಾಣುವುದೇ ಇಲ್ಲ. ಅಂಥ ನಕ್ಷೆಯನ್ನು ನೋಡಿದವರು ಆ ಮನೆಯನ್ನು ಕತ್ತಲ ಕೋಣೆಯೆಂದು ತೀರ್ಮಾನಿಸುವ ಅಪಾಯವಿದೆ.

ರಾಮದುರ್ಗ ಕೈಮಗ್ಗದ ನೇಕಾರಿಕೆಗೆ ಹೆಸರಾದ ಊರು. ಕುಣಿಮಗ್ಗದಲ್ಲಿ ನೇಕಾರನು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೆಲದ ಮಟ್ಟದಲ್ಲಿ ಕುಳಿತು ನೇಯುತ್ತಾನೆ. ಅವನ ಕಣ್ಣಿಗೆ ಬೇಕಾದ ಬೆಳಕು ಕಿಟಕಿಯ ಅಗಲದಷ್ಟೇ ಅದರ ಎತ್ತರವನ್ನೂ ಅವಲಂಬಿಸಿದೆ. ತಳವಿನ್ಯಾಸದಲ್ಲಾದರೋ ನೆಲಕ್ಕೆ ಹತ್ತಿರವಾದ ಕಿಟಕಿಗೂ ಸೊಂಟದೆತ್ತರದ ಕಿಟಕಿಗೂ ಒಂದೇ ಗುರುತು.

ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರವನ್ನು ನೋಡಲು ಮಾಡಿದ್ದೆಂದು ಹೇಳಲಾಗುವ ಕಿಂಡಿಯೊಂದಿದೆ. ಉತ್ತರಾರ್ಧಗೋಳದಲ್ಲಿ ಧ್ರುವ ನಕ್ಷತ್ರವು ಆಯಾ ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮನಾದ ಕೋನದಲ್ಲಿ ಕಾಣುತ್ತದೆ. ಕಿತ್ತೂರಿನಲ್ಲಿ ಇದು ಸುಮಾರು 15.6 ಡಿಗ್ರಿ. ಅಂದಮೇಲೆ ಇಂಥ ಕಿಂಡಿಯ ಅರ್ಥವೆಲ್ಲ ಅದರ ಓರೆಯಲ್ಲಿದೆ. ತಳವಿನ್ಯಾಸವು ಅದರ ದಿಕ್ಕನ್ನು ಹೇಳೀತು. ಓರೆಯನ್ನು ಹೇಳಲು ಛೇದನೋಟವೇ ಬೇಕು.

ಬಾಗಿಲಿನ ವಿಷಯ ಇನ್ನೂ ಸೂಕ್ಷ್ಮವಾದುದು. ಹಳೆಯ ಕದಕ್ಕೆ ಕಬ್ಬಿಣದ ಬಿಜಾಗರಿ ಇರುವುದಿಲ್ಲ. ಕದದ ಮೂಲೆಯ ಗೂಟವು ಕೆಳಗಿನ ಕುಳಿಯಲ್ಲಿ ತಿರುಗುತ್ತದೆ. ವಾಡೆಗಳ ಹೆಬ್ಬಾಗಿಲಿನ ದೊಡ್ಡ ಕದದೊಳಗೆ ಚಿಕ್ಕ ದಿಡ್ಡಿ ಬಾಗಿಲು ಇರುವುದುಂಟು. ದೊಡ್ಡದು ಯಾವಾಗ ತೆರೆಯುತ್ತದೆ, ಚಿಕ್ಕದು ಯಾರಿಗೆ ತೆರೆಯುತ್ತದೆ ಎಂಬುದನ್ನು ಎರಡು ಕಮಾನುಗೆರೆಗಳು ಹೇಳಲಾರವು. ಹೊಸ್ತಿಲಂತೂ ನಕ್ಷೆಯಲ್ಲಿ ಒಂದು ತೆಳುಗೆರೆ. ಸ್ಥೂಲ ವಿವರದಲ್ಲಿ ಅದೂ ಮಾಯವಾಗಬಹುದು. ಜನಪದರಿಗೆ ಅದು ಅರಿಷಿಣ ಕುಂಕುಮ ಹಚ್ಚಿ ಪೂಜಿಸುವ ಸ್ಥಳ, ಹೊಸ ಸೊಸೆ ಅಕ್ಕಿಯ ಸೇರನ್ನು ಒದ್ದು ಒಳಬರುವ ಗಡಿ, ಯಾರೂ ಕುಳಿತುಕೊಳ್ಳಬಾರದ ಜಾಗ.

ಇದು ತಂತ್ರಾಂಶದ ದೋಷವೆನ್ನಲಾಗದು. ಕಟ್ಟುವವನಿಗೆ ಬೇಕಾದ ಅಳತೆಯನ್ನು ಕೊಡುವುದು ನಕ್ಷೆಯ ಕೆಲಸ. ಅದನ್ನು ಅದು ನಿಖರವಾಗಿ ಮಾಡುತ್ತದೆ. ಬದುಕಿದವರ ತಿಳಿವಳಿಕೆಯನ್ನು ಅದಕ್ಕೆ ಸೇರಿಸುವುದು ಕ್ಷೇತ್ರಕಾರ್ಯ ಮಾಡುವವರ ಹೊಣೆ. ಅದಕ್ಕಾಗಿ ತಳವಿನ್ಯಾಸದೊಂದಿಗೆ ಬೆಳಕಿಂಡಿಯ ಮೂಲಕ ಹಾಯುವ ಛೇದನೋಟವೊಂದನ್ನು ಕಡ್ಡಾಯವಾಗಿ ತೆಗೆಯಬೇಕು. ಕಿಟಕಿ, ಕಿಂಡಿಗಳ ಕೆಳ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂಬುದನ್ನು ಬರೆಯಬೇಕು. ತಂತ್ರಾಂಶವು ಬಾಗಿಲು ಕಿಟಕಿಗಳ ಪಟ್ಟಿಯನ್ನು ತಾನೇ ತಯಾರಿಸಬಲ್ಲದು. ಆ ಪಟ್ಟಿಯಲ್ಲಿ ಅಗಲ, ಎತ್ತರಗಳ ಪಕ್ಕಕ್ಕೆ ಊರಿನವರು ಕರೆಯುವ ಹೆಸರು, ಬಳಕೆ, ಆಚರಣೆ ಎಂಬ ಕಲಮುಗಳನ್ನು ಸೇರಿಸಲು ಅಡ್ಡಿಯಿಲ್ಲ. ಮನೆಯವರನ್ನು, ವಿಶೇಷವಾಗಿ ಹಿರಿಯ ಹೆಣ್ಣುಮಕ್ಕಳನ್ನು ಕೇಳಿಯೇ ಈ ಕಲಮುಗಳನ್ನು ತುಂಬಬೇಕು. ಮನೆ ನಿಂತಿರುವಾಗಲೇ ಈ ಕೆಲಸ ನಡೆಯಬೇಕು. ಬಿದ್ದ ಮೇಲೆ ಅಳೆಯಲು ಗೋಡೆಯಿರದು, ಕೇಳಲು ಆ ಹಿರಿಯರೂ ಇರಲಾರರು.